ಕಾಳಿನೊಳಗಿನ ಕಬ್ಬಿಣ, ಸತುವು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ರೋಣದ ಕಡೆಯ ಎರೆ ಹೊಲದ ಮನೆಯಲ್ಲಿ. ಓದಿದ್ದು ತಳಿ ಅಭಿವೃದ್ಧಿ. ಆಮೇಲೆ ಕೆಲವು ವರ್ಷ ಕಾಳು ಪುಡಿ ಮಾಡಿ ಅದರಲ್ಲಿ ಕಬ್ಬಿಣ, ಸತುವು ಎಷ್ಟಿದೆ ಅಂತ ಅಳೆಯೋದೇ ಕೆಲಸ. ಹಾಗಾಗಿ ಧಾರವಾಡದ ಕೃಷಿ ಮೇಳದಲ್ಲಿ, ಗದಗಿನ ಬಸ್ಸಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ಎಲ್ಲೇ ಕೂತರೂ ಯಾರಾದರೂ ಇದನ್ನೇ ಕೇಳುತ್ತಾರೆ. ಕಾಗದ ಬರೆದು ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

ಮೊದಲ ಮಾತು

"ಕಾಳಿನಾಗ ಕಬ್ಬಿಣ ಐತಿ ಅಂತೀರಿ. ಎಷ್ಟೈತ್ರಿ? ಕಣ್ಣಿಗೆ ಕಾಣಸ್ತೈತೇನು?"

ಕಾಣಿಸುವುದಿಲ್ಲ. ಆದರೆ ಲೆಕ್ಕ ಸುಲಭ. ಒಂದು ಕಿಲೋ ಬಿಳಿಜೋಳದಲ್ಲಿ ಸುಮಾರು 30,000 ಕಾಳು ಇರುತ್ತವೆ. ಒಂದು ಕಾಳಿನ ತೂಕ 30ರಿಂದ 35 ಮಿಲಿಗ್ರಾಂ. ಆ ಮೂವತ್ತು ಸಾವಿರ ಕಾಳುಗಳಲ್ಲಿರುವ ಕಬ್ಬಿಣವನ್ನೆಲ್ಲ ಬಳಿದು ಒಟ್ಟು ಮಾಡಿದರೆ ಹೆಚ್ಚೂ ಕಡಿಮೆ ಒಂದೇ ಒಂದು ಕಾಳಿನಷ್ಟು ತೂಕ ಆಗುತ್ತದೆ. ಸತುವು ಅದಕ್ಕಿಂತ ತುಸು ಕಡಿಮೆ.

ಇದನ್ನೇ ಪಿಪಿಎಂ ಅನ್ನುತ್ತಾರೆ. ಒಂದು ಕಿಲೋದಲ್ಲಿ 30 ಮಿಲಿಗ್ರಾಂ ಇದ್ದರೆ 30 ಪಿಪಿಎಂ. ಮುಂದೆ ಎಲ್ಲ ಕಡೆ ಇದೇ ಲೆಕ್ಕ ಬರುತ್ತದೆ, ನೆನಪಿಟ್ಟುಕೊಳ್ಳಿ.

"ಅದು ಕಾಳಿನ ಯಾವ ಭಾಗದಾಗ ಇರ್ತೈತಿ? ಹಿಟ್ಟು ಸಾಣಿಸಿದ್ರ ಹೋಗ್ತೈತಾ?"

ಇದನ್ನು ಕಣ್ಣಾರೆ ನೋಡಬಹುದು. ಗೋಧಿ ಕಾಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಡೈಥಿಜೋನ್ ಅನ್ನೋ ಬಣ್ಣದ ದ್ರಾವಣದಲ್ಲಿ ಸ್ವಲ್ಪ ಹೊತ್ತು ಬಿಡಬೇಕು. ಸತುವು ಇರುವ ಕಡೆಯೆಲ್ಲ ಕೆಂಪಾಗುತ್ತದೆ. ನಾನು ಮೊದಲ ಸಲ ನೋಡಿದಾಗ, ಕಾಳಿನ ಮೂಲೆಯಲ್ಲಿರುವ ಮೊಳಕೆಯ ಭಾಗ ಕುಂಕುಮ ಇಟ್ಟಹಾಗೆ ಕೆಂಪಗಾಗಿತ್ತು. ಸಿಪ್ಪೆಯ ಕೆಳಗೆ ದಾರದಷ್ಟು ತೆಳ್ಳಗೆ ಒಂದು ಕೆಂಪು ಗೆರೆ. ನಡುವಿನ ಬಿಳಿ ಹಿಟ್ಟು ಮಾತ್ರ ಬೆಳ್ಳಗೇ ಉಳಿದಿತ್ತು. ಕಬ್ಬಿಣಕ್ಕೆ ಬೇರೆ ದ್ರಾವಣ ಇದೆ, ಅದು ನೀಲಿ ಬಣ್ಣ ಕೊಡುತ್ತದೆ. ಅಲ್ಲೂ ಕತೆ ಅದೇ.

ಅಂದರೆ ಮೈದಾ ಮಾಡುವಾಗ, ಅಕ್ಕಿಗೆ ಪಾಲಿಶ್ ಕೊಡುವಾಗ ನಾವು ಎತ್ತಿ ದನಕ್ಕೆ ಹಾಕುವುದು ಆ ಕೆಂಪು ಗೆರೆಯನ್ನೇ. ಗಿರಣಿಯಲ್ಲಿ ಬೀಸಿದ ಜೋಳದ ಹಿಟ್ಟನ್ನು ಪೂರ್ತಿ ಬಳಸುವವರಿಗೆ ಈ ಚಿಂತೆ ಇಲ್ಲ. ಸಣ್ಣ ಸಾಣಿಗೆಯಲ್ಲಿ ಎರಡು ಸಲ ಸಾಣಿಸುವವರಿಗೆ ಇದೆ.

"ಕೆಂಪು ಕಾಳು, ಕರೀ ಕಾಳಿನಾಗ ಕಬ್ಬಿಣ ಜಾಸ್ತಿ ಅಲ್ವಾ?"

ಅಲ್ಲ. ಬಣ್ಣ ಕೊಡುವುದು ಬೇರೆ ವಸ್ತು, ಅದರ ಜೀನುಗಳೇ (ಗುಣ ದಾಟಿಸುವ ವಂಶವಾಹಿಗಳೇ) ಬೇರೆ. ಕೆಂಪು ಜೋಳದಲ್ಲಿ ಟ್ಯಾನಿನ್ ಅನ್ನೋ ಒಗರು ಅಂಶ ಇದ್ದರೆ ಇರುವ ಕಬ್ಬಿಣವೂ ಮೈಗೆ ಹತ್ತುವುದು ಕಷ್ಟ.

"ನಮ್ಮವ್ವಗ ರಕ್ತ ಕಡಿಮಿ ಐತಿ. ಕಬ್ಬಿಣ ಜಾಸ್ತಿ ಇರೋ ಜ್ವಾಳದ ರೊಟ್ಟಿ ಹಾಕಿದ್ರ ಏರ್ತೈತಾ?"

ಹೆಚ್ಚು ಬಂದ ಪ್ರಶ್ನೆ ಇದು. ಆಶ್ಚರ್ಯ ಏನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು.

ಲೆಕ್ಕ ಹಾಕೋಣ. ನಾಲ್ಕು ರೊಟ್ಟಿಗೆ 240 ಗ್ರಾಂ ಹಿಟ್ಟು ಅಂದುಕೊಳ್ಳಿ. ಜೋಳದಲ್ಲಿ 30 ಪಿಪಿಎಂ ಇದ್ದರೆ ತಟ್ಟೆಗೆ ಬಂದದ್ದು 7.2 ಮಿಲಿಗ್ರಾಂ ಕಬ್ಬಿಣ. 45 ಪಿಪಿಎಂ ಜೋಳವಾದರೆ 10.8. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಅಷ್ಟೊಂದು ಯಾಕೆ ಅಂದರೆ, ತಿಂದದ್ದರಲ್ಲಿ ನೂರಕ್ಕೆ ಎಂಟರಷ್ಟು ಮಾತ್ರ ಮೈಗೆ ಹತ್ತುತ್ತದೆ. ಕಾಳಿನಲ್ಲಿರುವ ಫೈಟೇಟ್ ಅನ್ನೋದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಕರುಳಿನಲ್ಲಿ ಬಿಟ್ಟುಕೊಡುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ಬಾಯಿಗೆ ಬಂದ ತುತ್ತೂ ರಕ್ತಕ್ಕೆ ಬರುವುದಿಲ್ಲ.

ಹೀಗಾಗಿ ಈಗಾಗಲೇ ರಕ್ತ ಕಡಿಮೆ ಇರುವವರು ಡಾಕ್ಟರ್ ಕೊಟ್ಟ ಗುಳಿಗೆ ನುಂಗಬೇಕು. ರೊಟ್ಟಿ ಅದರ ಬದಲಿಗೆ ಅಲ್ಲ. ಒಳ್ಳೆ ತಳಿಯ ಕೆಲಸ ಬೇರೆ: ದಿನಾ, ವರ್ಷಗಟ್ಟಲೆ, ಇಡೀ ಮನೆಗೆ ತುಸು ತುಸು ಜಾಸ್ತಿ ಕೊಡುತ್ತಾ ಹೋಗುವುದು. ಜೊತೆಗೆ ರೊಟ್ಟಿಯ ಪಕ್ಕ ಹಸಿ ಹಕ್ಕರಕಿ ಸೊಪ್ಪು, ಒಂದು ಹೋಳು ಲಿಂಬೆ ಇರಲಿ. ಸಿ ಜೀವಸತ್ವ ಕಬ್ಬಿಣವನ್ನು ಫೈಟೇಟಿನ ಕೈಯಿಂದ ಬಿಡಿಸುತ್ತದೆ. ಅಂಬಲಿ ಹುಳಿ ಬಂದಾಗಲೂ ಫೈಟೇಟ್ ಒಡೆಯುತ್ತದೆ. ಊಟವಾದ ಕೂಡಲೇ ಚಹಾ ಮಾತ್ರ ಬೇಡ. ನಮ್ಮ ಕಡೆ ಇದನ್ನು ಹೇಳಿದರೆ ಯಾರೂ ಕೇಳೋದಿಲ್ಲ, ಗೊತ್ತು.

"ಎರಿ ಮಣ್ಣಾಗ ಕಬ್ಬಿಣ ಭರಪೂರ ಐತಿ ಅಂತೀರಿ. ಮತ್ತ ಬೆಳಿಗೆ ಯಾಕ ಸಿಗೂದಿಲ್ಲ?"

ಕಪ್ಪು ಎರೆ ಮಣ್ಣಿನಲ್ಲೂ ಇದೆ, ಕೆಂಪು ಮಸಾರಿಯಲ್ಲೂ ಇದೆ. ಕಪ್ಪತಗುಡ್ಡದ ಕಡೆಯ ಮಣ್ಣು ಕೆಂಪಗಿರುವುದೇ ಕಬ್ಬಿಣದ ತುಕ್ಕಿನಿಂದ. ತೊಂದರೆ ಏನೆಂದರೆ ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಸುಣ್ಣದ ಅಂಶ ಇರುವ ಎರೆ ಮಣ್ಣಿನಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 8 ದಾಟಿರುತ್ತದೆ, ಅಲ್ಲಿ ಇನ್ನೂ ಕಷ್ಟ.

ಹುಲ್ಲಿನ ಜಾತಿಯ ಬೆಳೆಗಳು, ಅಂದರೆ ಜೋಳ, ಗೋಧಿ, ಗೋವಿನಜೋಳ ಇವೆಲ್ಲ, ಇದಕ್ಕೆ ಒಂದು ಉಪಾಯ ಕಂಡುಕೊಂಡಿವೆ. ಬೇರಿನಿಂದ ಒಂದು ರಸ ಬಿಡುತ್ತವೆ. ಆ ರಸ ಮಣ್ಣಿನ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ, ಬೇರು ಆ ಜೋಡಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಶೇಂಗಾಕ್ಕೆ ಈ ವಿದ್ಯೆ ಬರುವುದಿಲ್ಲ. ಅದಕ್ಕೇ ಸುಣ್ಣದ ಹೊಲದಲ್ಲಿ ಶೇಂಗಾದ ಎಳೆ ಎಲೆ ಹಳದಿ ತಿರುಗುತ್ತದೆ. ಚೀನಾದಲ್ಲಿ ಗೋವಿನಜೋಳದ ಸಾಲಿನ ಪಕ್ಕ ಶೇಂಗಾ ಹಾಕಿ ನೋಡಿದಾಗ ಆ ಹಳದಿ ಕಡಿಮೆಯಾಯಿತು. ಪಕ್ಕದ ಮನೆಯವರು ಸೇದಿದ ನೀರನ್ನು ಇವರೂ ಕುಡಿದಂತೆ!

ಯಾವ ತಳಿ ಎಷ್ಟು ರಸ ಬಿಡುತ್ತದೆ ಅನ್ನುವುದು ಜೀನಿನ ಮಾತು. ತಳಿಯ ಕತೆ ಶುರುವಾಗುವುದೇ ಇಲ್ಲಿಂದ.

ತಳಿ ಮತ್ತು ಬೀಜ

"ಇದಕ್ಕೂ ಒಂದು ಜೀನ್ ಇರ್ತೈತಲ್ಲ? ಅದನ್ನ ತಂದು ಹಾಕಿದ್ರ ಮುಗೀತು."

ಒಂದೇ ಇದ್ದಿದ್ದರೆ ನಮಗೂ ಸುಖವಾಗಿರುತ್ತಿತ್ತು. ಹುಬ್ಬಳ್ಳಿ-ಧಾರವಾಡದ ನಳದ ನೀರು ನೆನಪಿಸಿಕೊಳ್ಳಿ. ಸವದತ್ತಿ ಹತ್ತಿರ ಮಲಪ್ರಭೆಯಲ್ಲಿ ನೀರಿದೆ. ಅಲ್ಲಿ ಪಂಪು ಎತ್ತಬೇಕು, ಅಮ್ಮಿನಬಾವಿಗೆ ಬಂದು ಶುದ್ಧವಾಗಬೇಕು, ದೊಡ್ಡ ಪೈಪು, ಮೇಲಿನ ಟಾಕಿ, ವಾಲ್ವ್ ತಿರುಗಿಸುವ ಮನುಷ್ಯ, ಓಣಿಯ ಸಣ್ಣ ಪೈಪು. ಇಷ್ಟೂ ದಾಟಿ ನಿಮ್ಮ ಕೊಡಕ್ಕೆ ಬರಬೇಕು. ಎಲ್ಲಿ ಕೆಟ್ಟರೂ ನಳ ಒಣಗುತ್ತದೆ.

ಗಿಡದಲ್ಲೂ ಹೀಗೆಯೇ. ಬೇರಿನಲ್ಲಿ ಎತ್ತುವ ಜೀನುಗಳು ಬೇರೆ. ಕಾಂಡದಲ್ಲಿ ಸಾಗಿಸುವವು ಬೇರೆ. ಕಬ್ಬಿಣ ಬರಿಗೈಯಲ್ಲಿ ಓಡಾಡುವಂತಿಲ್ಲ, ಜೀವಕೋಶ ಕೆಡಿಸುತ್ತದೆ. ಅದಕ್ಕೆ ನಿಕೋಟಿಯಾನಮೈನ್ ಅನ್ನೋ ಸಣ್ಣ ಅಣು ಟ್ಯಾಂಕರಿನ ಹಾಗೆ ಹೊತ್ತು ತಿರುಗುತ್ತದೆ, ಅದನ್ನು ತಯಾರಿಸುವ ಜೀನುಗಳೇ ಇನ್ನೊಂದು ಗುಂಪು. ಎಲೆಯಲ್ಲಿ ಕೂಡಿಟ್ಟದ್ದನ್ನು ತೆನೆಗೆ ಬಿಡುವ ವಾಲ್ವಿನ ಜೀನುಗಳಿವೆ. ಕಾಳಿನೊಳಗೆ ಟಾಕಿ ತುಂಬಿ ಬೀಗ ಹಾಕುವ ಜೀನುಗಳೂ ಇವೆ. ಒಟ್ಟು ಹತ್ತಾರು ಜೀನು, ಒಂದೊಂದರ ಪಾಲೂ ಚೂರುಚೂರು. ಹಾಗಾಗಿ ಹೆಚ್ಚು ಇರುವ ತಳಿಗಳನ್ನು ತಲೆಮಾರುಗಟ್ಟಲೆ ಕೂಡಿಸುತ್ತಾ, ಆರಿಸುತ್ತಾ ಹೋಗಬೇಕು.

"ಜವೆ ಗೋಧಿಯೊಳಗ ಸತ್ವ ಜಾಸ್ತಿ ಅಂತಾರ. ಖರೇನ?"

ಈ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಖುಷಿ. ಇದರಲ್ಲಿ ಹತ್ತು ಸಾವಿರ ವರ್ಷದ ಕತೆ ಇದೆ.

ಜವೆ ಗೋಧಿಗೆ ಕೆಲವರು ಸದಕ ಅಂತಾರೆ, ಕೆಲವರು ಖಪ್ಲಿ ಅಂತಾರೆ. ಇದರ ಕಾಳಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ, ಕುಟ್ಟಿ ಬಿಡಿಸಬೇಕು. ಹುಗ್ಗಿಗೆ, ಶಾವಿಗೆಗೆ ಇದೇ ಬೇಕು ಅಂತ ನಮ್ಮ ಹಿರಿಯರು ಹಟ ಹಿಡಿಯುತ್ತಿದ್ದರು. ಇದರ ಕಾಡು ಪೂರ್ವಜ ಪಶ್ಚಿಮ ಏಷ್ಯಾದ ಗುಡ್ಡಗಳಲ್ಲಿ ಇವತ್ತಿಗೂ ತಾನಾಗಿ ಬೆಳೆಯುತ್ತದೆ. 1906ರಲ್ಲಿ ಆರನ್ ಆರನ್ಸನ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಗಲಿಲೀ ಪ್ರದೇಶದಲ್ಲಿ ಗುರುತಿಸಿದ.

ಆ ಕಾಡು ಗೋಧಿಯ 6ಬಿ ಅನ್ನೋ ವರ್ಣತಂತುವಿನಲ್ಲಿ (ಜೀನುಗಳು ಸಾಲಾಗಿ ಕೂತ ದಾರ) ಜಿಪಿಸಿ-ಬಿ1 ಅನ್ನೋ ಜೀನು ಇದೆ. 2006ರಲ್ಲಿ ಕ್ರಿಸ್ಟೋಬಲ್ ವಾವಿ, ಜಾರ್ಜ್ ಡುಬ್ಕೋವ್ಸ್ಕಿ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿ ಏನು ಮಾಡುತ್ತದೆ ಅಂತ ತೋರಿಸಿದರು. ಅದರ ಕೆಲಸ ಎಲೆಯನ್ನು ಬೇಗ ಹಣ್ಣು ಮಾಡುವುದು. ಎಲೆ ಸಾಯುವ ಹೊತ್ತಿಗೆ ತನ್ನಲ್ಲಿದ್ದ ಸಾರಜನಕ, ಕಬ್ಬಿಣ, ಸತುವನ್ನೆಲ್ಲ ಕಾಳಿಗೆ ದಾಟಿಸಿಬಿಡುತ್ತದೆ. ಇಂಥ ಜೀನುಗಳ ಬಾಯಿ ಕಟ್ಟಿದಾಗ ಗಿಡ ಮೂರು ವಾರಕ್ಕೂ ಹೆಚ್ಚು ಕಾಲ ಹಸಿರಾಗಿ ನಿಂತಿತು. ಕಾಳಿನ ಪ್ರೋಟೀನು, ಕಬ್ಬಿಣ, ಸತುವು ಮಾತ್ರ ಶೇಕಡಾ 30ಕ್ಕಿಂತ ಹೆಚ್ಚು ಇಳಿದವು.

ಇಂದಿನ ಬಹುತೇಕ ಗೋಧಿ ತಳಿಗಳಲ್ಲಿ ಈ ಜೀನು ಕೆಟ್ಟಿದೆ, ಅಥವಾ ಪೂರ್ತಿ ಕಾಣೆಯಾಗಿದೆ. ಕೆಲವದರಲ್ಲಿ ಜೀನಿನ ಬರಹಕ್ಕೆ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿ ಮುಂದಿನ ಓದೆಲ್ಲ ತಪ್ಪಿದೆ. ಹಸಿರಾಗಿ ಹೆಚ್ಚು ದಿನ ನಿಲ್ಲುವ ಗಿಡ ದಪ್ಪ ಕಾಳು ಕೊಡುತ್ತದೆ. ಹಳೆಯ ರೈತರು ದಪ್ಪ ಕಾಳನ್ನೇ ಆರಿಸಿಕೊಂಡು ಬಂದಿರಬೇಕು. ಅವರ ತಪ್ಪಲ್ಲ, ಬಿಡಿ.

ಜವೆ ಗೋಧಿಯ ಕೆಲವು ತಳಿಗಳಲ್ಲಿ ಆ ಜೀನು ಇನ್ನೂ ಕೆಲಸ ಮಾಡುತ್ತದೆ, ಕೆಲವದರಲ್ಲಿ ಇಲ್ಲ. ಆದ್ದರಿಂದ "ಜವೆ ಅಂದಮೇಲೆ ಜಾಸ್ತಿ" ಅಂತ ಕಣ್ಣು ಮುಚ್ಚಿ ನಂಬಬೇಡಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಬೆಳೆಯುವವರು ಹುಗ್ಗಿಯ ರುಚಿಗೆ, ತುಕ್ಕು ರೋಗ ತಡೆಯುವ ಗುಣಕ್ಕೆ ಬೆಳೆಯಲಿ. ಸತ್ವದ ಮಾತು ಬಂದರೆ ಅಳೆದು ನೋಡೋಣ.

"ಹಳೀ ತಳಿ ಚಲೋ ಇದ್ವು. ಹೈಬ್ರಿಡ್ ಬಂದು ಎಲ್ಲಾ ಸತ್ವ ಹಾಳಾತು, ಹೌದಲ್ರಿ?"

ಅರ್ಧ ಹೌದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಒಂದೇ ಹೊಲದಲ್ಲಿ 1843ರಿಂದ ಗೋಧಿ ಬೆಳೆಯುತ್ತಿದ್ದಾರೆ, ಪ್ರತಿ ಸುಗ್ಗಿಯ ಕಾಳನ್ನೂ ತೆಗೆದಿಟ್ಟಿದ್ದಾರೆ. ಆ ಹಳೆ ಕಾಳುಗಳನ್ನು ಅಳೆದ ಲೆಕ್ಕ 2008ರಲ್ಲಿ ಪ್ರಕಟವಾಯಿತು: 1960ರ ದಶಕದ ನಡುವಿನವರೆಗೆ ಸತುವು, ಕಬ್ಬಿಣ ಒಂದೇ ಮಟ್ಟದಲ್ಲಿದ್ದವು. ಗಿಡ್ಡ ತಳಿ ಬಂದ ಮೇಲೆ ಇಳಿದವು. ಮಣ್ಣಿನಲ್ಲಿ ಮಾತ್ರ ಕಡಿಮೆ ಆಗಿರಲಿಲ್ಲ.

ಕಾರಣ ಬಹುಪಾಲು ಸರಳ. ಇಳುವರಿ ಏರಿತು, ಖನಿಜ ಅದೇ ಲೆಕ್ಕದಲ್ಲಿ ಏರಲಿಲ್ಲ. ನೆಂಟರು ಬಂದರು ಅಂತ ಸಾರಿಗೆ ನೀರು ಹಾಕಿದ ಹಾಗೆ. ಆದರೆ ಇನ್ನರ್ಧ ಮಾತನ್ನೂ ಕೇಳಿ: ಹಳೆಯ ತಳಿಗಳಲ್ಲೇ ಒಂದಕ್ಕೊಂದು ಅಜಗಜಾಂತರ ಇರುತ್ತದೆ. ಹಳೆಯದು ಅನ್ನೋದು ಒಂದು ಅಳತೆ ಅಲ್ಲ. ಎಕರೆಗೆ ಎರಡು ಚೀಲ ಬರುವ ಕಾಳು ಎಷ್ಟು ಸತ್ವದ್ದಾದರೂ ಮನೆ ಮಂದಿಗೆ ಸಾಲಬೇಕಲ್ಲ?

"ಸತ್ವ ಜಾಸ್ತಿ ಅಂತ ಖರೇ ಬಿಡುಗಡೆ ಆದ ತಳಿ ಯಾವುವು?"

ನನಗೆ ಖಾತ್ರಿ ಇರುವಷ್ಟು ಹೇಳುತ್ತೇನೆ. ಸಜ್ಜೆಯಲ್ಲಿ ಧನಶಕ್ತಿ: ಮಹಾರಾಷ್ಟ್ರದಲ್ಲಿ 2012ರಲ್ಲಿ ಬಂತು, ಕಬ್ಬಿಣ 71 ಪಿಪಿಎಂ ಆಸುಪಾಸು, ಸತುವು 40. ಜೋಳದಲ್ಲಿ ಪರಭಣಿ ಶಕ್ತಿ: 2018, ಕಬ್ಬಿಣ 45, ಸತುವು 32. ಡ್ಯೂರಂ ಗೋಧಿಯಲ್ಲಿ ಪುಣೆಯ ಅಘಾರ್ಕರ್ ಸಂಸ್ಥೆಯ ಎಂಎಸಿಎಸ್ 4028: ಕಬ್ಬಿಣ 46, ಸತುವು 40. ಭತ್ತದಲ್ಲಿ ಡಿಆರ್‌ಆರ್ ಧಾನ್ 45: ಪಾಲಿಶ್ ಆದ ಮೇಲೂ ಸತುವು 22ಕ್ಕೆ ಮೇಲೆ.

ಸಜ್ಜೆಯವರು ಇನ್ನೊಂದು ಒಳ್ಳೆ ಕೆಲಸ ಮಾಡಿದರು. ಕಬ್ಬಿಣ 42, ಸತುವು 32 ಪಿಪಿಎಂ ಇಲ್ಲದ ಸಜ್ಜೆಗೆ 2018ರಿಂದ ಬಿಡುಗಡೆಯೇ ಇಲ್ಲ ಅಂತ ನಿಯಮ ಮಾಡಿಕೊಂಡರು. ಬಿಳಿಜೋಳಕ್ಕೂ ಇಂಥದೊಂದು ಗೆರೆ ಬೇಕು ಅನ್ನೋದು ನನ್ನ ಹಟ. ಆದರೆ ನಮ್ಮ ಅಮ್ಮಂದಿರ ಪರೀಕ್ಷೆ ಬೇರೆ ಇದೆ. ಮಾಲದಂಡಿ ಜೋಳದ ಹಿಟ್ಟು ಬಿಸಿನೀರಿಗೆ ಜಿಗಿ ಬಂದು ರೊಟ್ಟಿ ಅಂಚು ಒಡೆಯದೆ ಬಡಿಯಲು ಬರುತ್ತದಲ್ಲ, ಆ ಪರೀಕ್ಷೆ ಪಾಸಾಗದ ಜೋಳ ಎಷ್ಟು ಪಿಪಿಎಂ ಇದ್ದರೂ ನಮ್ಮ ಕಡೆ ನಡೆಯುವುದಿಲ್ಲ.

"ಬೀಜ ನಾನ ಇಟ್ಕೊಂಡ್ರ ಗುಣ ಉಳಿತೈತಾ?"

ಗೋಧಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೆರಕೆ ಆಗದಂತೆ ನೋಡಿಕೊಂಡರೆ ಉಳಿಯುತ್ತದೆ. ಜೋಳದಲ್ಲಿ ಸ್ವಲ್ಪ ಪರಾಗ ಪಕ್ಕದ ಹೊಲದಿಂದ ಬರುತ್ತದೆ, ಹೊಲದ ನಡುವಿನ ತೆನೆ ಆರಿಸಿ ಇಟ್ಟುಕೊಳ್ಳಿ. ಸಜ್ಜೆಯದು ಗಾಳಿಯ ಸಂಸಾರ. ಸುತ್ತ ಬೇರೆ ಸಜ್ಜೆ ಇದ್ದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಸ ಬೀಜ ತನ್ನಿ. ಹೈಬ್ರಿಡ್ ಆದರೆ ಬೀಜ ಇಡುವ ಮಾತೇ ಇಲ್ಲ.

"ಜಿಂಕ್ ಹಾಕಿದ್ರ ಸಾಕಲ್ಲ, ತಳಿ ಯಾಕ ಬೇಕು?" (ಹಾವೇರಿಯ ಗೋವಿನಜೋಳದ ರೈತರ ಪ್ರಶ್ನೆ)

ಜಿಂಕ್ ಅಂದರೆ ಸತುವೇ. ಎಳೆ ಗೋವಿನಜೋಳದ ಎಲೆಯಲ್ಲಿ ಬಿಳಿ ಪಟ್ಟೆ ಕಂಡರೆ ಜಿಂಕ್ ಸಲ್ಫೇಟ್ ಬೇಕೇ ಬೇಕು, ಮಣ್ಣು ಪರೀಕ್ಷೆ ಮಾಡಿಸಿ ಹಾಕಿ. ಮಣ್ಣಿನಲ್ಲೇ ಇಲ್ಲದ್ದನ್ನು ಯಾವ ಜೀನೂ ತರಲಾರದು. ಕಾಳು ಹಾಲು ತುಂಬುವಾಗ ಎಲೆಗೆ ಸಿಂಪಡಿಸಿದರೆ ಕಾಳಿನ ಸತುವು ಚೆನ್ನಾಗಿ ಏರುತ್ತದೆ, ಗೋಧಿಯಲ್ಲಿ ಇದನ್ನು ಹಲವು ದೇಶಗಳಲ್ಲಿ ನೋಡಿದ್ದಾರೆ. ಕಬ್ಬಿಣ ಹಾಗಲ್ಲ. ಸಿಂಪಡಿಸಿದ್ದು ಎಲೆ ಬಿಟ್ಟು ಹೆಚ್ಚು ಕದಲುವುದಿಲ್ಲ. ಕಬ್ಬಿಣಕ್ಕೆ ತಳಿಯೇ ಗತಿ.

ಸ್ವಲ್ಪ ಆಳಕ್ಕೆ

"ತಳಿ ಒಂದ, ಬೀಜ ಒಂದ. ಕಬ್ಬಿಣ ಅಣ್ಣನ ಹೊಲದಾಗ 48 ಪಿಪಿಎಂ, ನನ್ನ ಹೊಲದಾಗ 33. ಅಂಗಡ್ಯಾವ ಮೋಸ ಮಾಡಿದ್ನಾ?"

ಅಂಗಡಿಯವನನ್ನು ಬೈಯುವ ಮೊದಲು ನಿಮ್ಮ ಮಣ್ಣು ನೋಡಿ. ತಳಿ ಕೊಡುವುದು ಒಂದು ಸಾಮರ್ಥ್ಯ, ಅಷ್ಟೇ. ಮಳೆ, ಪಿಎಚ್, ಸಾವಯವ ಅಂಶ, ಕಾಳು ತುಂಬುವಾಗಿನ ಬಿಸಿಲು ಎಲ್ಲ ಸೇರಿ ಅಂಕಿ ಮೇಲೆ ಕೆಳಗೆ ಆಗುತ್ತದೆ. ಬರದ ವರ್ಷ ಕಾಳು ಜಳ್ಳಾದಾಗ ಪಿಪಿಎಂ ಏರಿದಂತೆ ಕಾಣುತ್ತದೆ, ಹಿಗ್ಗಬೇಡಿ. ಸಾರಿಗೆ ನೀರು ಕಡಿಮೆ ಬಿದ್ದಿದೆ, ಅಷ್ಟೇ.

ತಳಿ ಮಾಡುವವರು ನೋಡುವುದು ಒಂದು ಅಂಕಿಯನ್ನಲ್ಲ, ಸಾಲನ್ನು. ಧಾರವಾಡ, ಅಣ್ಣಿಗೇರಿ, ಹಾವೇರಿ ಮೂರೂ ಕಡೆ ಇಪ್ಪತ್ತು ತಳಿ ಹಾಕಿದಾಗ ಯಾವುದು ಎಲ್ಲ ಕಡೆಯೂ ಮೇಲಿನ ಐದರಲ್ಲಿ ಬಂತು? ಅದು ನಂಬುವಂಥದ್ದು. ಒಂದು ಕಡೆ ಮೊದಲು ಬಂದು ಇನ್ನೊಂದು ಕಡೆ ಹದಿನೈದಕ್ಕೆ ಬಿದ್ದರೆ ಅದು ಹೊಲದ ಗುಣ, ಬೀಜದ್ದಲ್ಲ.

"ಸಜ್ಜೆ ಹೈಬ್ರಿಡ್ ಮಾಡಾಕ ತಂದಿ ಒಬ್ಬಾಂವಾ ಕಬ್ಬಿಣದಾಂವಾ ಇದ್ರ ಸಾಕಾ?" (ವಿದ್ಯಾರ್ಥಿಯೊಬ್ಬನ ಪ್ರಶ್ನೆ)

ಸಾಕಾಗುವುದಿಲ್ಲ. ಇಳುವರಿಯಲ್ಲಿ ಮಗ ಅಪ್ಪ-ಅಮ್ಮ ಇಬ್ಬರನ್ನೂ ಮೀರಿಸಬಹುದು. ಕಬ್ಬಿಣದಲ್ಲಿ ಹಾಗಿಲ್ಲ, ಇಲ್ಲಿ ಜೀನುಗಳ ಪರಿಣಾಮ ಸುಮ್ಮನೆ ಕೂಡಿಕೆಯ ಲೆಕ್ಕ. ಒಬ್ಬರದು 80, ಇನ್ನೊಬ್ಬರದು 40 ಇದ್ದರೆ ಮಗುವಿನದು ಅರವತ್ತರ ಹತ್ತಿರ. ಹಾಗಾಗಿ ಎರಡೂ ಕಡೆಯವರು ಚೆನ್ನಾಗಿರಬೇಕು. ಒಂದು ಅನುಕೂಲ ಇದೆ: ಸಜ್ಜೆಯಲ್ಲಿ ಕಬ್ಬಿಣ ಏರಿದರೆ ಸಾಮಾನ್ಯವಾಗಿ ಸತುವೂ ಜೊತೆಗೇ ಏರುತ್ತದೆ. ಒಂದಕ್ಕೆ ಆರಿಸಿದರೆ ಇನ್ನೊಂದು ಕೊಸರು.

"ನಮ್ಮ ಜ್ವಾಳ 92 ಪಿಪಿಎಂ ಬಂದೈತಿ. ದಾಖಲೆ ಅಲ್ವಾ?"

ನಾನೂ ಒಮ್ಮೆ ಹೀಗೇ ಕುಣಿದಿದ್ದೆ. ಒಂದು ಹಳ್ಳಿಯಿಂದ ತಂದ ಜೋಳ, ತೊಂಬತ್ತರ ಮೇಲೆ ಕಬ್ಬಿಣ. ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಎರಡು ದಿನ ಬಿಟ್ಟು ಹಿರಿಯರೊಬ್ಬರು ಹಾಳೆ ನೋಡಿ, "ಅಲ್ಯುಮಿನಿಯಂ ನೋಡಿಯೇನಪಾ?" ಅಂದರು. ನೋಡಿರಲಿಲ್ಲ. ಕಾಳಿನಲ್ಲಿ ಅಲ್ಯುಮಿನಿಯಂ ಇರುವುದೇ ಅಪರೂಪ, ಮಣ್ಣಿನಲ್ಲಿ ಮಾತ್ರ ರಾಶಿಗಟ್ಟಲೆ. ಅದು ಏರಿದೆ ಅಂದರೆ ಕಾಳಿಗೆ ಕಣದ ಧೂಳು ಮೆತ್ತಿದೆ ಅಂತ ಅರ್ಥ. ನಾವು ಅಳೆದದ್ದು ಎರೆ ಹೊಲವನ್ನು! ಅದೇ ಜೋಳವನ್ನು ತೊಳೆದು ಒಣಗಿಸಿ ಮತ್ತೆ ಅಳೆದಾಗ ಬಂದದ್ದು 36. ಪೇಡೆ ವಾಪಸ್ ಕೇಳುವಂತಿರಲಿಲ್ಲ.

ಕಬ್ಬಿಣದ ಯಂತ್ರದಲ್ಲಿ ಪುಡಿ ಮಾಡಿದರೂ ಹೀಗೇ ಆಗುತ್ತದೆ. ಸತುವಿಗೆ ಈ ಕಾಟ ಅಷ್ಟಿಲ್ಲ.

"ಫೈಟೇಟೇ ಇಲ್ಲದ ತಳಿ ಮಾಡಿಬಿಟ್ರ?"

ಗೋವಿನಜೋಳ, ಬಾರ್ಲಿ, ಭತ್ತದಲ್ಲಿ ಮಾಡಿ ನೋಡಿದ್ದಾರೆ. ಆದರೆ ಫೈಟೇಟ್ ಶತ್ರು ಅಲ್ಲ, ಮೊಳಕೆಗೆ ತಾಯಿ ಕಟ್ಟಿಕೊಟ್ಟ ರಂಜಕದ ಬುತ್ತಿ. ಅದನ್ನು ತೀರಾ ಕಡಿಮೆ ಮಾಡಿದ ಹಲವು ತಳಿಗಳಲ್ಲಿ ಮೊಳಕೆ ಸೋತಿತು, ಇಳುವರಿ ಬಿದ್ದಿತು. ಮಳೆ ನಂಬಿದ ಎರೆ ಹೊಲದಲ್ಲಿ ಮೊಳಕೆ ಸೋತರೆ ಆ ವರ್ಷವೇ ಹೋಯಿತು. ಅದನ್ನು ಬೀಜದಲ್ಲಿ ಬಿಟ್ಟು ಅಡುಗೆಮನೆಯಲ್ಲಿ, ನೆನೆಸಿ, ಹುಳಿ ಬರಿಸಿ ಒಡೆಯುವುದೇ ವಾಸಿ.

"ಜೀನ್ ಎಡಿಟಿಂಗ್, ಕುಲಾಂತರಿ ಅಂತಾರಲ್ಲ, ಮ್ಯಾಲೆ ಹೇಳಿದ ತಳಿ ಅವೇನಾ?"

ಅಲ್ಲ. ಅವೆಲ್ಲ ಕೂಡಿಸಿ, ಆರಿಸಿ ಮಾಡಿದ ಮಾಮೂಲು ತಳಿಗಳು. ಕುಲಾಂತರಿ ದಾರಿಯಲ್ಲಿ ಬಂದ ಫಲಿತಾಂಶ ಜೋರಾಗಿಯೇ ಇವೆ. 1999ರಲ್ಲಿ ಜಪಾನಿನವರು ಸೋಯಾದ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನು) ಜೀನನ್ನು ಭತ್ತಕ್ಕೆ ಸೇರಿಸಿ ಅಕ್ಕಿಯ ಕಬ್ಬಿಣವನ್ನು ಮೂರು ಪಟ್ಟಿನವರೆಗೆ ಏರಿಸಿದರು. 2017ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದವರು ಕಬ್ಬಿಣ ಸಾಗಿಸುವ, ಗೋಧಿಯದೇ ವಿಐಟಿ2 ಜೀನನ್ನು ಕಾಳಿನ ಬಿಳಿ ಭಾಗದಲ್ಲಿ ಜೋರು ಮಾಡಿ ಬಿಳಿ ಹಿಟ್ಟಿನ ಕಬ್ಬಿಣ ಇಮ್ಮಡಿ ಮಾಡಿದರು. ಮೇಲೆ ಹೇಳಿದ ಕೆಂಪು ಗೆರೆ ನೆನಪಿದೆಯಲ್ಲ? ಸಿಪ್ಪೆಯಲ್ಲಿದ್ದದ್ದನ್ನು ನಡುಮನೆಗೆ ತಂದ ಹಾಗೆ ಇದು. ಮಾಮೂಲು ಕೂಡಿಕೆಯಿಂದ ಅದು ಕಷ್ಟ.

"ಹವಾಮಾನ ಬದಲಾದ್ರ ಕಾಳಿನ ಸತ್ವಾನೂ ಬದಲಾಗ್ತೈತಾ?"

ಆಗುತ್ತದೆ. ತೆರೆದ ಹೊಲದಲ್ಲೇ ಗಾಳಿಗೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಬಿಟ್ಟು ಬೆಳೆದ ಗೋಧಿಯಲ್ಲಿ ಸತುವು ಶೇಕಡಾ 9, ಕಬ್ಬಿಣ ಶೇಕಡಾ 5ರಷ್ಟು ಇಳಿಯಿತು ಅಂತ 2014ರಲ್ಲಿ ಪ್ರಕಟವಾಯಿತು. ಜೋಳ, ಗೋವಿನಜೋಳ ಬೇರೆ ಬಗೆಯಲ್ಲಿ ಇಂಗಾಲ ಹಿಡಿಯುವ ಬೆಳೆಗಳು, ಅವುಗಳಿಗೆ ಪೆಟ್ಟು ಕಡಿಮೆ. ರೊಟ್ಟಿ ತಿನ್ನುವವರಿಗೆ ಇದೊಂದು ಸಮಾಧಾನ.

"ಎಂ.ಎಸ್ಸಿ. ಮಾಡಾಕ ಹತ್ತೀನ್ರಿ ಸರ್. ಇದರಾಗ ಯಾವ ಬೆಳಿ ತಗೊಳ್ಳಲಿ?"

ಗೋಧಿ, ಭತ್ತಕ್ಕೆ ಜಗತ್ತಿನ ತುಂಬ ಜನ ಇದ್ದಾರೆ. ನವಣೆ ತಗೋ. ಬರೀ ಒಂಬತ್ತು ಜೊತೆ ವರ್ಣತಂತು, ಅದರ ಪೂರ್ತಿ ಜೀನೋಮ್ (ಎಲ್ಲ ಜೀನುಗಳ ಬರಹ) 2012ರಿಂದಲೇ ಕೈಯಲ್ಲಿದೆ. ಮೂರು ತಿಂಗಳಿಗೆ ಬೆಳೆ ಬರುತ್ತದೆ, ನಮ್ಮ ಕಡೆಯ ಊರ ತಳಿಗಳನ್ನು ಕಲೆಹಾಕುವುದೂ ಕಷ್ಟವಿಲ್ಲ. ಹೊಟ್ಟು ಬಿಡಿಸಿಯೇ ಅಳಿ. ಪ್ರತಿ ಸ್ಯಾಂಪಲ್ಲಿಗೂ ಅಲ್ಯುಮಿನಿಯಂ ಕಾಲಂ ಇರಲಿ. ಪೇಡೆ ಆಮೇಲೆ ತಾ.